ಆಸ್ಪತ್ರೆಯ ಬಾಯ್ಲರ್ ಮನೆಗೆ ಯಜಮಾನ ಯಾರು?

ಅಂಬಿಕಾನಗರದ ಮಂದಿಗೆ ಪಾಳಿ ಅಂದರೆ ಏನು ಎಂದು ಹೊರಗಿನವರು ಬಂದು ಹೇಳಿಕೊಡಬೇಕಾಗಿಲ್ಲ. ನಾಗಝರಿ ವಿದ್ಯುದಾಗಾರದ ಆರು ಯಂತ್ರಗಳು ನಾಲ್ಕು ದಶಕದಿಂದ ತಿರುಗುತ್ತಿರುವುದೇ ಪಾಳಿಯ ಮೇಲೆ. ಮುಂದಿನ ಪಾಳಿಯವನು ಬಂದು, ಪುಸ್ತಕ ನೋಡಿ, ರುಜು ಹಾಕುವ ತನಕ ಹಿಂದಿನ ಪಾಳಿಯವನು ಎದ್ದು ಹೋಗುವಂತಿಲ್ಲ. ಅತ್ತ ದಾಂಡೇಲಿಯಲ್ಲೂ ಇದೇ ಕಥೆ. 1950ರ ದಶಕದಲ್ಲಿ ಕಾಗದ ಕಾರ್ಖಾನೆ ಬಂದಾಗಿನಿಂದ ಊರಿನ ಊಟ, ನಿದ್ದೆ, ಮದುವೆ ಮುಹೂರ್ತ ಎಲ್ಲವೂ ಪಾಳಿ ನೋಡಿಕೊಂಡೇ ನಡೆದಿವೆ. ಬಾಯ್ಲರ್ ಮುಂದೆ ನಿಂತವನ ಮನೆಯಲ್ಲಿ ಹಬ್ಬ ಒಂದು ದಿನ ತಡವಾಗಿ ಆದರೂ ಯಾರೂ ಕೇಳುವುದಿಲ್ಲ. ಬೆಂಕಿಯನ್ನು ಬಿಟ್ಟು ಬರಲಾಗದು ಎಂಬುದು ಮನೆಯ ಹೆಂಗಸರಿಗೂ ಗೊತ್ತು.

ಇಂಥ ಊರಿನವರು ಕಾಯಿಲೆ ಬಿದ್ದಾಗ ಎಲ್ಲಿಗೆ ಹೋಗುತ್ತಾರೆ? ಸಣ್ಣಪುಟ್ಟದ್ದಕ್ಕೆ ದಾಂಡೇಲಿ, ಹಳಿಯಾಳದ ಸರ್ಕಾರಿ ಆಸ್ಪತ್ರೆ. ವಿಮಾ ಚೀಟಿ ಇದ್ದವರಿಗೆ ದಾಂಡೇಲಿಯ ಇಎಸ್‌ಐ ಆಸ್ಪತ್ರೆ. ಕೈಮೀರಿತು ಅಂದರೆ ಹುಬ್ಬಳ್ಳಿ, ಕಿಮ್ಸ್ ಎಂದೇ ಜನ ಕರೆಯುವ ದೊಡ್ಡಾಸ್ಪತ್ರೆ. ಜಿಲ್ಲಾ ಕೇಂದ್ರ ಕಾರವಾರದಲ್ಲಿ ವೈದ್ಯಕೀಯ ಕಾಲೇಜು ಬಂದಿದೆ ನಿಜ. ಆದರೆ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಮುಂಡಗೋಡದವರಿಗೆ ಘಟ್ಟ ಇಳಿಯುವುದಕ್ಕಿಂತ ಹುಬ್ಬಳ್ಳಿಯೇ ಹತ್ತಿರ. ಜೋಯಿಡಾದ ಕಾಡಿನೊಳಗಿನ ಹಳ್ಳಿಗಳ ಪಾಡು ಇನ್ನೂ ಬೇರೆ, ಅದನ್ನು ಬರೆಯ ಹೊರಟರೆ ಈ ಅಂಕಣ ಸಾಲದು.

ಆಸ್ಪತ್ರೆಗೆ ಹೋದವರು ಅಲ್ಲಿ ಡಾಕ್ಟರನ್ನು ನೋಡುತ್ತಾರೆ, ನರ್ಸಮ್ಮನನ್ನು ನೋಡುತ್ತಾರೆ, ಔಷಧ ಇಲ್ಲ ಅಂದರೆ ಜಗಳ ಆಡುತ್ತಾರೆ. ಹಿತ್ತಲ ಕಡೆ ಶವಾಗಾರದ ಪಕ್ಕದಲ್ಲೋ, ಜನರೇಟರ್ ಶೆಡ್ಡಿನ ಆಚೆಗೋ ಇರುವ ಒಂದು ಕೋಣೆಯತ್ತ ಯಾರೂ ತಿರುಗಿ ನೋಡುವುದಿಲ್ಲ. ಅದು ಬಾಯ್ಲರ್ ಮನೆ. ಅದರ ಬಗಲಿಗೋ, ಕಟ್ಟಡದ ನೆಲಮಾಳಿಗೆಯಲ್ಲೋ ಚಿಲ್ಲರ್ ಯಂತ್ರಗಳು. ತಾರಸಿಯ ಮೇಲೆ ನೀರು ಸುರಿಸುತ್ತ ನಿಂತ ಕೂಲಿಂಗ್ ಟವರು. ಅಲ್ಲಿ ಕೂತವನ ಹೆಸರೇನು, ಅವನಿಗೆ ಸಂಬಳ ಕೊಡುವವರಾರು, ಅವನು ಬರದಿದ್ದರೆ ಏನಾಗುತ್ತದೆ ಎಂಬ ಪ್ರಶ್ನೆ ಏನಾದರೂ ಅನಾಹುತ ಆಗುವ ತನಕ ಏಳುವುದೇ ಇಲ್ಲ.

ಬಾಯ್ಲರಿನ ಕೆಲಸ ಏನು ಅಂತ ಮೊದಲು ತಿಳಿದುಕೊಳ್ಳಬೇಕು. ಆಪರೇಶನ್ ಥಿಯೇಟರಿನ ಕತ್ತರಿ, ಚಾಕು, ಬಟ್ಟೆ, ಹತ್ತಿ ಎಲ್ಲವೂ ಒತ್ತಡದ ಹಬೆಯಲ್ಲಿ ಬೆಂದ ಮೇಲೆಯೇ ರೋಗಿಯ ಮೈ ಮುಟ್ಟಬೇಕು. ಮಾಮೂಲು ಲೆಕ್ಕದಲ್ಲಿ 121 ಡಿಗ್ರಿ ಸೆಲ್ಸಿಯಸ್ ಶಾಖ, 15 ರಿಂದ 20 ನಿಮಿಷ. 134 ಡಿಗ್ರಿಗೆ ಏರಿಸಿದರೆ ಕೆಲವೇ ನಿಮಿಷ. ಹಬೆ ಒದ್ದೆಯಾಗಿ ಬಂದರೆ, ಒತ್ತಡ ನಡುವೆ ಇಳಿದರೆ, ಕಟ್ಟಿನ ಒಳಗಿನ ಬಟ್ಟೆಗೆ ಶಾಖ ತಾಗುವುದಿಲ್ಲ. ಹೊರಗಿನಿಂದ ನೋಡಿದವರಿಗೆ ಎಲ್ಲವೂ ಸರಿ ಇದ್ದಂತೆ ಕಾಣುತ್ತದೆ. ನಾಲ್ಕು ದಿನ ಬಿಟ್ಟು ಬಾಣಂತಿಯ ಹೊಲಿಗೆಯಲ್ಲಿ ಕೀವು ಕಂಡಾಗ ಡಾಕ್ಟರಿಗೆ ಬೈಗುಳ, ನರ್ಸಿಗೆ ನೋಟೀಸು. ಬಾಯ್ಲರ್ ಮನೆಯ ಆ ದಿನದ ಪುಸ್ತಕವನ್ನು ತೆಗೆಸಿ ನೋಡಿದವರು ಎಷ್ಟು ಮಂದಿ ಇದ್ದಾರು? ದೊಡ್ಡ ಆಸ್ಪತ್ರೆಗಳಲ್ಲಿ ಧೋಬಿಖಾನೆಯೂ ಅಡುಗೆ ಮನೆಯೂ ಇದೇ ಹಬೆಯ ಮೇಲೆ ನಡೆಯುತ್ತವೆ.

ಇನ್ನು ಚಿಲ್ಲರ್. ಇದು ಸಾಹೇಬರ ಕೋಣೆಯ ಎ.ಸಿ. ಅಲ್ಲ. ಸುಮಾರು 7 ಡಿಗ್ರಿಗೆ ನೀರನ್ನು ತಣಿಸಿ ಕಟ್ಟಡದ ಉದ್ದಕ್ಕೂ ಹರಿಸಿ, 12 ಡಿಗ್ರಿಯ ಸುತ್ತ ಬಿಸಿಯಾಗಿ ಮರಳಿದ ನೀರನ್ನು ಮತ್ತೆ ತಣಿಸುವ ಸ್ಥಾವರ. ಥಿಯೇಟರಿನೊಳಗೆ ಶಾಖ 21 ಡಿಗ್ರಿಯ ಆಸುಪಾಸು ಇರಬೇಕು, ಗಾಳಿ ಗಂಟೆಗೆ ಕನಿಷ್ಠ 20 ಬಾರಿ ಬದಲಾಗಬೇಕು, ತೇವ ಶೇ. 60 ದಾಟಬಾರದು ಎಂಬುದು ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವವರ ಕಟ್ಟಳೆ. ಜುಲೈ ತಿಂಗಳ ಮಳೆಯಲ್ಲಿ ಗೋಡೆಯೇ ಬೆವರುವ ಈ ಜಿಲ್ಲೆಯಲ್ಲಿ ಆ ಶೇ. 60ರ ಮಾತು ಎಂಥದ್ದು ಎಂದು ಯೋಚಿಸಿ. ಚಿಲ್ಲರ್ ನಿಂತ ಅರ್ಧ ದಿನದಲ್ಲಿ ಥಿಯೇಟರಿನ ಛಾವಣಿ ತೊಟ್ಟಿಕ್ಕತೊಡಗುತ್ತದೆ, ವಾರದಲ್ಲಿ ಬೂಷ್ಟು ಹಿಡಿಯುತ್ತದೆ. ಎಂ.ಆರ್.ಐ. ಯಂತ್ರ ಇದ್ದರೆ ಅದರ ಪಾಡೂ ಇದರದೇ ಕೈಯಲ್ಲಿ. ಆ ಯಂತ್ರದ ಅಯಸ್ಕಾಂತ ಇರುವುದು ಸೊನ್ನೆಯ ಕೆಳಗೆ 269 ಡಿಗ್ರಿಯ ದ್ರವ ಹೀಲಿಯಂನಲ್ಲಿ. ಅದನ್ನು ಕಾಯುವ ಯಂತ್ರಕ್ಕೆ ತಣ್ಣೀರು ತಪ್ಪಿದರೆ ದುಬಾರಿ ಹೀಲಿಯಂ ಆವಿಯಾಗಿ ಹೋಗತೊಡಗುತ್ತದೆ. ಕೋಟಿಗಟ್ಟಲೆ ರೂಪಾಯಿಯ ಯಂತ್ರ, ಅದರ ಪ್ರಾಣ ನೆಲಮಾಳಿಗೆಯಲ್ಲಿ ಕೂತ ಒಬ್ಬ ಗುತ್ತಿಗೆ ಹುಡುಗನ ಎಚ್ಚರದ ಮೇಲೆ.

ಆ ಹುಡುಗ ಅಲ್ಲಿಗೆ ಹೇಗೆ ಬಂದ? ಅದೇ ಇಲ್ಲಿಯ ವಿಷಯ.

ಹಿಂದೆ ದೊಡ್ಡ ಸರ್ಕಾರಿ ಆಸ್ಪತ್ರೆಗಳಲ್ಲಿ ಬಾಯ್ಲರ್‌ಮ್ಯಾನ್ ಎಂಬ ಕಾಯಂ ಹುದ್ದೆ ಇರುತ್ತಿತ್ತು. ಇದ್ದವರು ನಿವೃತ್ತರಾದರು, ಖಾಲಿಯಾದ ಜಾಗ ಖಾಲಿಯೇ ಉಳಿಯಿತು. ಈಗ ಯಂತ್ರ ನಡೆಸುವುದಕ್ಕೂ ಹೊರಗುತ್ತಿಗೆ. ಕಸ ಗುಡಿಸಲು, ಗೇಟು ಕಾಯಲು ಜನ ಬೇಕು ಅಂತ ಟೆಂಡರು ಕರೆಯುವ ಹಾಗೆಯೇ ಬಾಯ್ಲರಿಗೂ ಚಿಲ್ಲರಿಗೂ ಕರೆಯುತ್ತಾರೆ. ಕರ್ನಾಟಕದ 1999ರ ಪಾರದರ್ಶಕತೆ ಕಾಯ್ದೆಯ ಪ್ರಕಾರ ಟೆಂಡರು ಕರೆಯುವುದು ತಪ್ಪಲ್ಲ, ಕರೆಯದಿದ್ದರೇ ತಪ್ಪು. ತಾಂತ್ರಿಕ ಲಕೋಟೆಯಲ್ಲಿ ಪಾಸಾದವರ ಪೈಕಿ ಕಡಿಮೆ ದರದವನಿಗೆ ಕೆಲಸ. ಕಾಗದದ ಮೇಲೆ ನ್ಯಾಯವಾಗಿಯೇ ಇದೆ. ಎಡವಟ್ಟು ಇರುವುದು ಏನನ್ನು ಕೊಳ್ಳುತ್ತಿದ್ದೇವೆ ಎಂದು ಬರೆಯುವ ಆ ಎರಡು ಪುಟದಲ್ಲಿ.

‘ಆಪರೇಟರುಗಳು, 3 ಜನ, ಪ್ರತಿ ಪಾಳಿಗೆ ಒಬ್ಬರಂತೆ’ ಎಂದು ಬರೆದರೆ ಓದಲಿಕ್ಕೆ ಚೆಂದ. ಲೆಕ್ಕ ಹಾಕಿ ನೋಡಿ. ವಾರಕ್ಕೆ ಏಳು ದಿನ, ದಿನಕ್ಕೆ 24 ಗಂಟೆ ಅಂದರೆ 168 ಗಂಟೆ. ಒಬ್ಬ ಕಾರ್ಮಿಕನಿಂದ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದು. 168ನ್ನು 48ರಿಂದ ಭಾಗಿಸಿದರೆ ಮೂರೂವರೆ ಆಳು. ಇದರಲ್ಲಿ ಜ್ವರ ಇಲ್ಲ, ರಜೆ ಇಲ್ಲ, ದೀಪಾವಳಿ ಇಲ್ಲ, ಅವ್ವನ ತಿಥಿ ಇಲ್ಲ. ಅವೆಲ್ಲ ಸೇರಿದರೆ ಒಂದು ಕುರ್ಚಿಗೆ ನಾಲ್ಕು ಮಂದಿ ಬಿಗಿ, ಐದು ಮಂದಿ ಇದ್ದರೆ ಸರಾಗ. ರಾತ್ರಿ ಬಾಯ್ಲರ್ ಆರಿಸುವ ಆಸ್ಪತ್ರೆಯಾದರೆ ಎರಡು ಪಾಳಿಗೆ ಮೂವರು ಸಾಕು ಎನ್ನಬಹುದು. ಚಿಲ್ಲರಿಗೆ ಆ ಮಾತು ಹೇಳುವಂತಿಲ್ಲ, ಅದು ಮಧ್ಯರಾತ್ರಿಯೂ ಓಡಬೇಕು.

ಹಾಗಾದರೆ ಮೂವರನ್ನೇ ಇಟ್ಟ ಜಾಗದಲ್ಲಿ ನಾಲ್ಕನೆಯವನ ಕೆಲಸ ಮಾಡುವವರು ಯಾರು? ಒಂದೋ ಇರುವವರೇ ವಾರದ ರಜೆ ಬಿಟ್ಟು ಹದಿನಾರು ಗಂಟೆ ದುಡಿಯುತ್ತಾರೆ. ಇಲ್ಲವೇ ಕಲ್ಲಿದ್ದಲು ಎತ್ತುವ, ಡೀಸೆಲ್ ಸುರಿಯುವ ಸಹಾಯಕನಿಗೆ ‘ಸ್ವಲ್ಪ ನೋಡ್ಕೋಪಾ, ಬಂದೆ’ ಎಂದು ಹೇಳಿ ಹೋಗುತ್ತಾರೆ. ಹಾಜರಿ ಪುಸ್ತಕದಲ್ಲಿ ಮಾತ್ರ ಮೂರು ಪಾಳಿಗೂ ಮೂರು ರುಜು ಇರುತ್ತವೆ, ಕೆಲವೊಮ್ಮೆ ಮೂರೂ ಒಂದೇ ಕೈಬರಹದಲ್ಲಿ.

ಹದಿನಾರು ಗಂಟೆ ದುಡಿದವನ ಕಣ್ಣು ಬಾಯ್ಲರಿನ ಗೇಜ್ ಗ್ಲಾಸಿನ ಮೇಲೆ ನಿಲ್ಲುವುದಿಲ್ಲ. ಗೊತ್ತಿಲ್ಲದವರಿಗಾಗಿ ಹೇಳಬೇಕು: ಬಾಯ್ಲರಿನೊಳಗೆ ನೀರು ಎಷ್ಟಿದೆ ಎಂದು ತೋರಿಸುವ ಗಾಜಿನ ಕೊಳವೆ ಅದು. ಒಂದು ಲೀಟರ್ ನೀರು ಹೊರಗಿನ ಗಾಳಿಯ ಒತ್ತಡದಲ್ಲಿ ಹಬೆಯಾದರೆ ಸಾವಿರದಾರುನೂರು ಲೀಟರಿಗೂ ಮಿಕ್ಕಿದ ಜಾಗ ಬೇಡುತ್ತದೆ. ನೀರು ತೀರಾ ಇಳಿದು ಲೋಹ ಕೆಂಪಗೆ ಕಾದ ಮೇಲೆ, ಗಾಬರಿಯಲ್ಲಿ ಫೀಡ್ ಪಂಪು ಹಾಕಿ ತಣ್ಣೀರು ಬಿಟ್ಟವನು ಕತೆ ಹೇಳಲು ಉಳಿಯುವುದು ಕಡಿಮೆ. ದಾಂಡೇಲಿಯ ಹಳೇ ಬಾಯ್ಲರ್‌ಮ್ಯಾನ್‌ಗಳನ್ನು ಕೇಳಿದರೆ ‘ನೀರು ಕಾಣಲಿಲ್ಲಂದ್ರ ಮೊದಲು ಬೆಂಕಿ ಕೊಲ್ಲು, ನೀರು ಬಿಡಬ್ಯಾಡ’ ಎಂಬ ಮಾತನ್ನು ಮಂತ್ರ ಹೇಳಿದ ಹಾಗೆ ಹೇಳುತ್ತಾರೆ. ಈಗಿನ ಯಂತ್ರಗಳಲ್ಲಿ ನೀರಿಳಿದರೆ ತಾನಾಗಿ ಆರುವ ಸಲಕರಣೆ ಇದೆಯಲ್ಲ ಎನ್ನುವವರಿದ್ದಾರೆ. ಇದೆ. ಆ ಸಲಕರಣೆಗೆ ಗಸಿ ಕಟ್ಟಿಕೊಂಡಿದೆಯೋ ಇಲ್ಲವೋ ಎಂದು ಬ್ಲೋಡೌನ್ ಮಾಡಿ ದಿನಾ ನೋಡಬೇಕಾದವನು ಮತ್ತೆ ಅದೇ ಆಪರೇಟರ್.

ದೇಶದ ಕಾನೂನು ಈ ವಿಷಯದಲ್ಲಿ ಮಲಗಿಲ್ಲ. 1863ರಲ್ಲಿ ಕಲ್ಕತ್ತಾದಲ್ಲಿ ಬಾಯ್ಲರ್ ಸಿಡಿದು ಜೀವಹಾನಿ ಆದ ಮೇಲೆ ಮರುವರ್ಷವೇ ಬಂಗಾಳದಲ್ಲಿ ತಪಾಸಣೆಯ ಕಾನೂನು ಬಂತು. 1923ರಲ್ಲಿ ಇಡೀ ದೇಶಕ್ಕೆ ಬಾಯ್ಲರ್ ಕಾಯ್ದೆ ಆಯಿತು. ನೂರು ವರ್ಷ ಬಾಳಿದ ಆ ಕಾಯ್ದೆಯ ಜಾಗಕ್ಕೆ 2025ರ ಮೇ 1ರಿಂದ ಹೊಸ ಬಾಯ್ಲರ್ ಕಾಯ್ದೆ ಬಂದಿದೆ. ಹಳೆಯದರ ತಿರುಳು ಹೊಸದರಲ್ಲೂ ಇದೆ. ಬಾಯ್ಲರಿಗೆ ನೋಂದಣಿ ಬೇಕು, ಕಾಲಕಾಲಕ್ಕೆ ಇನ್‌ಸ್ಪೆಕ್ಟರ್ ನೋಡಿ ಪ್ರಮಾಣಪತ್ರ ಕೊಡಬೇಕು, ಪರೀಕ್ಷೆ ಪಾಸಾದ ಅಟೆಂಡೆಂಟ್ ಇರಬೇಕು, ಅವಘಡ ಆದರೆ 24 ಗಂಟೆಯೊಳಗೆ ವರದಿ ಹೋಗಬೇಕು. ನಮ್ಮ ರಾಜ್ಯದಲ್ಲಿ ಇದನ್ನು ನೋಡಿಕೊಳ್ಳುವುದು ಕಾರ್ಖಾನೆ ಮತ್ತು ಬಾಯ್ಲರುಗಳ ಇಲಾಖೆ.

ಆದರೆ ರಂಗೋಲಿ ಕೆಳಗೆ ತೂರುವ ಜಾಣರು ಇಲ್ಲದ ಊರುಂಟೆ? 25 ಲೀಟರಿಗಿಂತ ಕಡಿಮೆ ನೀರು ಹಿಡಿಯುವ ಬಾಯ್ಲರಿಗೆ ಈ ಕಾಯ್ದೆ ತಾಗುವುದಿಲ್ಲ. ಪೇಟೆಯಲ್ಲಿ ಅಂಥವನ್ನು ‘ನಾನ್ ಐಬಿಆರ್’ ಎಂಬ ಹೆಸರಿನಿಂದಲೇ ಮಾರುತ್ತಾರೆ. ಇನ್‌ಸ್ಪೆಕ್ಟರ್ ಕಾಟ ಇಲ್ಲ, ಪಾಸಾದ ಅಟೆಂಡೆಂಟ್ ಬೇಕಿಲ್ಲ ಎಂಬುದೇ ಅದರ ಜಾಹೀರಾತು. ಸಣ್ಣ ಆಸ್ಪತ್ರೆಗೆ ಅಂಥದ್ದೇ ಸಾಕು, ಅದರಲ್ಲಿ ಅಪಾಯವೂ ಕಡಿಮೆ ಎಂಬುದು ಸುಳ್ಳಲ್ಲ. ಆದರೆ ಅದರಿಂದ ಬರುವ ಹಬೆಯೂ ಕೈ ಬೇಯಿಸುತ್ತದೆ. ಒತ್ತಡ ಇಳಿದರೆ ಕತ್ತರಿಯ ಮೇಲಿನ ಕ್ರಿಮಿ ಅಲ್ಲಿಯೂ ಸಾಯುವುದಿಲ್ಲ. ಕಾನೂನು ಕೇಳುವುದಿಲ್ಲ ಎಂಬ ಒಂದೇ ಕಾರಣಕ್ಕೆ ಗೊತ್ತಿಲ್ಲದವನನ್ನು ಅದರ ಮುಂದೆ ಕೂರಿಸುವುದು ಆಸ್ಪತ್ರೆಯ ಕೆಲಸವೇ?

ಬಾಯ್ಲರ್‌ಮ್ಯಾನ್‌ಗಾದರೂ ನೂರು ವರ್ಷದ ಕಾನೂನಿನ ಬೆಂಬಲ ಇದೆ. ಚಿಲ್ಲರ್ ನಡೆಸುವವನಿಗೆ ಅಂಥ ಸರ್ಕಾರಿ ಪರೀಕ್ಷೆಯೇ ಇಲ್ಲ. ಐಟಿಐಯಲ್ಲಿ ರೆಫ್ರಿಜರೇಶನ್ ಕಲಿತವನು ಬಂದರೆ ಪುಣ್ಯ. ಇಲ್ಲದಿದ್ದರೆ ಹಸಿರು ಗುಂಡಿ ಒತ್ತಿದರೆ ಶುರು, ಕೆಂಪು ಒತ್ತಿದರೆ ಬಂದ್ ಎಂದಷ್ಟೇ ಗೊತ್ತಿದ್ದವನೂ ಆಪರೇಟರ್. ಯಂತ್ರದೊಳಗಿನ ಗ್ಯಾಸು ಸೋರಿದರೆ ಹೆಚ್ಚಿನ ಬಗೆಯವಕ್ಕೆ ವಾಸನೆ ಇಲ್ಲ, ಗಾಳಿಗಿಂತ ಭಾರ. ನೆಲಮಾಳಿಗೆಯಲ್ಲಿ ತುಂಬಿಕೊಂಡು ಉಸಿರು ಕಟ್ಟಿಸುತ್ತದೆ. ಇದನ್ನು ಅವನಿಗೆ ಹೇಳಿದವರು ಯಾರು?

ಚಿಲ್ಲರ್ ಕೆಟ್ಟರೆ ಸೆಕೆ ಆಗುತ್ತದೆ, ಅಷ್ಟೇ ತಾನೇ ಎನ್ನುವವರು ಇಂಗ್ಲೆಂಡಿನ ಒಂದು ಪ್ರಕರಣ ಓದಬೇಕು. ಅಲ್ಲಿಯ ಸ್ಟಾಫರ್ಡ್ ಎಂಬ ಊರಿನ ಜಿಲ್ಲಾ ಆಸ್ಪತ್ರೆ. ಹೊಸ ಕಟ್ಟಡ, ಹೊಸ ಯಂತ್ರಗಳು. 1985ರ ಏಪ್ರಿಲ್‌ನಲ್ಲಿ ಅಲ್ಲಿಗೆ ಬಂದುಹೋದವರಿಗೆ ಒಬ್ಬರಾದ ಮೇಲೊಬ್ಬರಂತೆ ನ್ಯುಮೋನಿಯಾ ಹಿಡಿಯಿತು. ಸತ್ತವರು 28 ಮಂದಿ. ಹುಡುಕಿದಾಗ ಸಿಕ್ಕಿದ್ದು ಆಸ್ಪತ್ರೆಯ ಹವಾನಿಯಂತ್ರಣ ಸ್ಥಾವರದ ಕೂಲಿಂಗ್ ಟವರಿನ ನೀರಿನಲ್ಲಿ ಬೆಳೆದ ಲೀಜನೆಲ್ಲಾ ಎಂಬ ರೋಗಾಣು. 1976ರಲ್ಲಿ ಅಮೆರಿಕದ ಫಿಲಡೆಲ್ಫಿಯಾದ ಹೋಟೆಲೊಂದರಲ್ಲಿ ಮಾಜಿ ಸೈನಿಕರ ಸಮಾವೇಶಕ್ಕೆ ಬಂದವರನ್ನು ಕೊಂದು ಆ ಹೆಸರು ಪಡೆದ ರೋಗಾಣು ಅದು. ಬೆಚ್ಚಗಿನ ನಿಂತ ನೀರು, ಪಾಚಿ, ಗಸಿ ಇದ್ದರೆ ಅದಕ್ಕೆ ಹಬ್ಬ. ಕಾಯಿಲೆ ವಾಸಿ ಮಾಡಿಸಿಕೊಳ್ಳಲು ಬಂದವರಿಗೆ ಆಸ್ಪತ್ರೆಯ ಯಂತ್ರವೇ ಕಾಯಿಲೆ ಉಸಿರಾಡಿಸಿತು. ನಮ್ಮ ಕಡೆಯ ಕೂಲಿಂಗ್ ಟವರಿನ ನೀರಿಗೆ ಔಷಧ ಹಾಕುವವರಾರು, ಟವರು ತೊಳೆದ ತಾರೀಖು ಎಲ್ಲಿ ಬರೆದಿದೆ ಎಂಬುದನ್ನು ಆಯಾ ಆಸ್ಪತ್ರೆಯ ಮುಖ್ಯಸ್ಥರು ಈ ವಾರವೇ ಕೇಳಿ ನೋಡಲಿ.

ಈಗ ದುಡ್ಡಿನ ಮಾತು. ಲೆಕ್ಕ ಸುಲಭವಾಗಲಿ ಎಂದು ಆಪರೇಟರಿನ ತಿಂಗಳ ಕೂಲಿ 15,000 ರೂಪಾಯಿ ಅಂತ ಇಟ್ಟುಕೊಳ್ಳಿ. ಅದರ ಮೇಲೆ ಮಾಲಿಕ ಕಟ್ಟಬೇಕಾದ ಭವಿಷ್ಯನಿಧಿ ಶೇ. 12, ಅಂದರೆ 1,800. ಇಎಸ್‌ಐ ಶೇ. 3.25, ಅಂದರೆ 487 ರೂಪಾಯಿ 50 ಪೈಸೆ. ಅಲ್ಲಿಗೇ 17,287 ರೂಪಾಯಿ 50 ಪೈಸೆ ಆಯಿತು. ಇನ್ನೂ ಬೋನಸ್ ಇಲ್ಲ, ಬದಲಿ ಆಳಿನ ಖರ್ಚಿಲ್ಲ, ಬೂಟಿಲ್ಲ, ಕೈಗವಸಿಲ್ಲ, ಗುತ್ತಿಗೆದಾರನ ಆಫೀಸಿನ ಬಾಡಿಗೆ ಇಲ್ಲ. ಹೀಗಿರುವಾಗ ‘ನನ್ನ ಸೇವಾ ಶುಲ್ಕ ನೂರಕ್ಕೆ ಒಂದು ಪೈಸೆ’ ಎಂದು ಬರೆದುಕೊಟ್ಟವನಿಗೆ ಕೆಲಸ ಸಿಕ್ಕಿತು ಅಂದರೆ, ಅವನು ಧರ್ಮಕ್ಕೆ ಆಸ್ಪತ್ರೆ ನಡೆಸಲು ಹೊರಟಿದ್ದಾನೆ ಎಂದು ನಂಬುವುದೇ? ಅವನ ಲಾಭ ಎಲ್ಲೋ ಒಂದು ಕಡೆಯಿಂದ ಬರಲೇಬೇಕು. ಬರದ ಆಳಿನ ಕೂಲಿಯಿಂದ ಬರುತ್ತದೆ, ಕಟ್ಟದ ಪಿಎಫ್‌ನಿಂದ ಬರುತ್ತದೆ, ಬ್ಯಾಂಕಿಗೆ ಹಾಕಿ ಮರುದಿನ ಕೈಯಿಂದ ವಾಪಸು ಪಡೆವ ಎರಡು ಸಾವಿರದಿಂದ ಬರುತ್ತದೆ. ಗುತ್ತಿಗೆಯಲ್ಲಿ ದುಡಿದವರಿಗೆ ಇದು ಹೊಸ ಸುದ್ದಿಯಲ್ಲ.

ಗೈರುಹಾಜರಿಗೆ ದಂಡ ಇದೆಯಲ್ಲ ಎಂದು ಕಚೇರಿಯವರು ಹೇಳಬಹುದು. ದಂಡ ಎಷ್ಟು? ಒಬ್ಬ ಬರದ ದಿನಕ್ಕೆ ಕಡಿಯುವ ಹಣ ಅವನ ದಿನಗೂಲಿಗಿಂತ ಕಡಿಮೆ ಇದ್ದರೆ, ಆಳನ್ನು ಕಳಿಸದೇ ಇರುವುದೇ ಗುತ್ತಿಗೆದಾರನಿಗೆ ಲಾಭ. ಇದನ್ನು ತಿಳಿಯಲು ಸಿ.ಎ. ಪಾಸಾಗಬೇಕಿಲ್ಲ, ಸಂತೆಯಲ್ಲಿ ಮೆಣಸಿನಕಾಯಿ ಮಾರುವ ಮುದುಕಿಗೂ ತಿಳಿಯುತ್ತದೆ.

ಗುತ್ತಿಗೆದಾರರದ್ದೂ ಒಂದು ಅಳಲು ಇದೆ, ಅದನ್ನೂ ಬರೆಯದಿದ್ದರೆ ನ್ಯಾಯವಲ್ಲ. ಬಿಲ್ಲು ಸಲ್ಲಿಸಿ ಮೂರು ತಿಂಗಳಾದರೂ ಹಣ ಬರುವುದಿಲ್ಲ. ಅನುದಾನ ಬಂದಿಲ್ಲ, ಸಹಿ ಆಗಿಲ್ಲ, ಸಾಹೇಬರು ಮೀಟಿಂಗಿನಲ್ಲಿದ್ದಾರೆ. ಸಾಲ ತಂದು ಸಂಬಳ ಕೊಡಬೇಕು. ಸಣ್ಣ ಗುತ್ತಿಗೆದಾರ ಎರಡನೇ ತಿಂಗಳಿಗೇ ಕೈ ಚೆಲ್ಲುತ್ತಾನೆ. ಆಗ ಬಾಯ್ಲರ್ ಮನೆಯವನಿಗೆ ‘ಮುಂದಿನ ವಾರ ನೋಡೋಣ’ ಎಂಬ ಉತ್ತರ. 2017ರ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಗೋರಖಪುರದ ಸರ್ಕಾರಿ ಆಸ್ಪತ್ರೆಯಲ್ಲಿ ಮಕ್ಕಳ ಸಾವು ಆದಾಗ, ಆಮ್ಲಜನಕ ಪೂರೈಸುವವರಿಗೆ ಕೊಡಬೇಕಾದ ಬಾಕಿಯ ಮಾತು ದೇಶಕ್ಕೆಲ್ಲ ಕೇಳಿಸಿತು. ಸಾವಿಗೆ ಅದೇ ಕಾರಣವೋ ಅಲ್ಲವೋ ಎಂಬ ವಾದ ಬಹಳ ಕಾಲ ನಡೆಯಿತು. ಬಾಕಿ ಇದ್ದದ್ದಂತೂ ನಿಜ.

ಕಾನೂನು ಇಲ್ಲಿಯೂ ಸ್ಪಷ್ಟವಾಗಿದೆ. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲಿಕನೇ ಕೊಡಬೇಕು, ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು ಎಂದು 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ಹೇಳುತ್ತ ಬಂದಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಕಾರ್ಮಿಕ ಸಂಹಿತೆಗಳಲ್ಲೂ ಆ ಮಾತು ಉಳಿದಿದೆ. ಅಂದರೆ ಬಾಯ್ಲರ್ ಮನೆಯವನ ಸಂಬಳದ ಮಟ್ಟಿಗೆ ಆಸ್ಪತ್ರೆಯ ಮುಖ್ಯಸ್ಥರು ‘ಏಜೆನ್ಸಿಯವರನ್ನು ಕೇಳು’ ಎಂದು ಕೈ ತೊಳೆದುಕೊಳ್ಳುವಂತಿಲ್ಲ. ತೊಳೆದುಕೊಳ್ಳುತ್ತಾರೆ, ಅದು ಬೇರೆ ಮಾತು. ಕೇಳುವವನಿಗೆ ಕಾನೂನು ಗೊತ್ತಿರುವುದಿಲ್ಲ, ಗೊತ್ತಿದ್ದರೆ ನಾಳೆ ಕೆಲಸ ಇರುವುದಿಲ್ಲ.

ಕಾಯಂ ಮಾಡಿ ಎಂದು ಕೂಗುವವರಿಗೂ ಒಂದು ಮಾತು. 2006ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಉಮಾದೇವಿ ಪ್ರಕರಣದಲ್ಲಿ ಕೊಟ್ಟ ತೀರ್ಪು ಕರ್ನಾಟಕ ಸರ್ಕಾರದ್ದೇ ಪ್ರಕರಣ. ನೇಮಕಾತಿಯ ಬಾಗಿಲಿನಿಂದ ಬರದವರಿಗೆ ಎಷ್ಟು ವರ್ಷ ದುಡಿದರೂ ಕಾಯಮಾತಿ ಹಕ್ಕಲ್ಲ ಎಂದು ಅದು ಹೇಳಿತು. ಆಮೇಲಿನಿಂದ ಸರ್ಕಾರಿ ಕಚೇರಿಗಳಿಗೆ ಹೊರಗುತ್ತಿಗೆ ಎಂಬುದು ಮೆತ್ತನೆಯ ಹಾಸಿಗೆ. ಹಾಗೆಂದು ಕಾಯಂ ನೌಕರರೆಲ್ಲ ಕಣ್ಣಿಗೆ ಎಣ್ಣೆ ಹಾಕಿಕೊಂಡು ಬಾಯ್ಲರ್ ಕಾದರು ಎಂದೇನೂ ಇಲ್ಲ. ರಾತ್ರಿ ಪಾಳಿಯಲ್ಲಿ ಬೆಚ್ಚನೆಯ ಕೋಣೆ ಸಿಕ್ಕಿತೆಂದು ಗೊರಕೆ ಹೊಡೆದವರ ಕಥೆಗಳೂ ಇವೆ. ಗುತ್ತಿಗೆ ಕೊಟ್ಟದ್ದೇ ಪಾಪ ಅಲ್ಲ. ಒಳ್ಳೆಯ ಏಜೆನ್ಸಿ ಇದ್ದರೆ ಬಿಡಿಭಾಗ ಬೇಗ ತರಿಸುತ್ತದೆ, ಬದಲಿ ಆಳು ಕಳಿಸುತ್ತದೆ. ಆಳಿನ ತಲೆ ಎಣಿಸಿ ಕಡಿಮೆ ದರಕ್ಕೆ ಕೊಳ್ಳುವ ಗುತ್ತಿಗೆಯೇ ಪಾಪದ್ದು.

ಆಸ್ಪತ್ರೆಯಲ್ಲಿ ಯಂತ್ರ ಕೈಕೊಟ್ಟ ಮೇಲೆ ಜವಾಬ್ದಾರಿ ಹೇಗೆ ಕೈಯಿಂದ ಕೈಗೆ ಜಾರುತ್ತದೆ ಎಂಬುದನ್ನು ಈ ರಾಜ್ಯ ಒಮ್ಮೆ ನೋಡಿದೆ. 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆಮ್ಲಜನಕ ಎಲ್ಲಿಂದ ಬರಬೇಕಿತ್ತು, ಯಾರು ಕಳಿಸಬೇಕಿತ್ತು, ಯಾರು ಮೊದಲೇ ಕೇಳಬೇಕಿತ್ತು ಎಂದು ಎರಡು ಜಿಲ್ಲೆಗಳ ಆಡಳಿತದ ನಡುವೆ ಬಹಿರಂಗ ವಾಗ್ವಾದ ನಡೆಯಿತು. ಕೊನೆಗೆ ಹೈಕೋರ್ಟು ನೇಮಿಸಿದ ಸಮಿತಿ ಕಡತ ತೆಗೆಸಿ ನೋಡಬೇಕಾಯಿತು. ಅದು ಸರ್ಕಾರದೊಳಗಿನವರೇ ಒಬ್ಬರ ಮೇಲೊಬ್ಬರು ಹಾಕಿಕೊಂಡ ಕಥೆ. ನಡುವೆ ಗುತ್ತಿಗೆದಾರ, ಅವನ ಕೆಳಗೆ ಉಪಗುತ್ತಿಗೆದಾರ, ಅವನ ಕೆಳಗೆ ಹೆಸರಿಲ್ಲದ ಆಪರೇಟರ್ ಇದ್ದರೆ ಸತ್ಯ ಹುಡುಕಲು ಇನ್ನೆಷ್ಟು ಕಾಲ ಬೇಕೋ.

ಉತ್ತರ ಕನ್ನಡಕ್ಕೆ ಈ ಮಾತು ಈಗಲೇ ಏಕೆ ಎಂದು ಕೇಳಬಹುದು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಹೊತ್ತು ಹೊರಟ ಆಂಬುಲೆನ್ಸ್ ಬೈಂದೂರು ಬಳಿಯ ಶಿರೂರು ಟೋಲ್‌ನಲ್ಲಿ ಮಗುಚಿ ನಾಲ್ವರು ಸತ್ತರು. ಜಿಲ್ಲೆಗೆ ದೊಡ್ಡಾಸ್ಪತ್ರೆ ಬೇಕು ಎಂಬ ಹಳೆಯ ಕೂಗಿಗೆ ಅಂದಿನಿಂದ ಬೆಂಕಿಯ ಬಲ ಬಂತು. ಆಸ್ಪತ್ರೆ ಕುಮಟಾದಲ್ಲೋ, ಕಾರವಾರದಲ್ಲೋ, ಶಿರಸಿಯಲ್ಲೋ ಎಂಬ ವಾದ ನಡೆದಿದೆ. ಎಷ್ಟು ಹಾಸಿಗೆ, ಎಷ್ಟು ಕೋಟಿ, ಯಾವ ಯಂತ್ರ ಎಂಬ ಭಾಷಣಗಳೂ ನಡೆದಿವೆ. ಹಾಸಿಗೆ ಹೆಚ್ಚಿದಂತೆ ಹಬೆಯೂ ಹೆಚ್ಚಬೇಕು, ತಣ್ಣೀರೂ ಹೆಚ್ಚಬೇಕು. ಯಂತ್ರ ಕೂರಿಸುವ ಟೆಂಡರಿನ ಜೊತೆಗೇ ಅದನ್ನು ನಡೆಸುವವರ ಟೆಂಡರೂ ಬರೆಯಬೇಕು. ಕಟ್ಟಡದ ಉದ್ಘಾಟನೆಯ ಹಿಂದಿನ ವಾರ ಎದ್ದುಬಿದ್ದು ಯಾವುದೋ ಹಳೆಯ ನಮೂನೆಯನ್ನು ನಕಲು ಮಾಡಿದರೆ ಮತ್ತೆ ಅದೇ ‘3 ಜನ, ಪ್ರತಿ ಪಾಳಿಗೆ ಒಬ್ಬರಂತೆ’.

ಬರೆಯುವುದು ಕಷ್ಟವೇನಲ್ಲ. ಕುರ್ಚಿಗೆ ಮೂವರಲ್ಲ, ಬದಲಿ ಸೇರಿ ಐವರು ಎಂದು ಬರೆಯಿರಿ. ಕೂಲಿ, ಪಿಎಫ್, ಇಎಸ್‌ಐ ಇವನ್ನು ದರದ ಪೈಪೋಟಿಯಿಂದ ಹೊರಗಿಟ್ಟು ಆಸ್ಪತ್ರೆಯೇ ನಿಗದಿ ಮಾಡಲಿ, ಪೈಪೋಟಿ ಗುತ್ತಿಗೆದಾರನ ಸೇವಾ ಶುಲ್ಕದ ಮೇಲೆ ಮಾತ್ರ ನಡೆಯಲಿ, ಅದಕ್ಕೂ ಒಂದು ಕೆಳಮಿತಿ ಇರಲಿ. ಅಟೆಂಡೆಂಟ್ ಪ್ರಮಾಣಪತ್ರದ ಅಸಲನ್ನು ಬಾಯ್ಲರ್ ಮನೆಯ ಗೋಡೆಗೆ ಚೌಕಟ್ಟು ಹಾಕಿ ತೂಗಿಸಲಿ, ಹೆಸರು ಒಬ್ಬನದು ಕೆಲಸ ಇನ್ನೊಬ್ಬನದು ಆಗದ ಹಾಗೆ ಫೋಟೋ ಸಮೇತ. ತಿಂಗಳ 7ನೇ ತಾರೀಖಿನೊಳಗೆ ಕೂಲಿ ಸೇರಿದ ಬ್ಯಾಂಕ್ ದಾಖಲೆ ತೋರಿಸಿದ ಮೇಲೆ ಗುತ್ತಿಗೆದಾರನ ಬಿಲ್ಲು, ಬಿಲ್ಲು ಬಂದ ಇಂತಿಷ್ಟು ದಿನದಲ್ಲಿ ಆಸ್ಪತ್ರೆಯಿಂದ ಹಣ. ಎರಡೂ ಕಡೆಗೆ ಗಡುವು ಬೇಕು, ಒಂದೇ ಕಡೆಗಲ್ಲ. ಗುತ್ತಿಗೆದಾರ ವರ್ಷಕ್ಕೊಮ್ಮೆ ಬದಲಾದರೂ ಆಪರೇಟರುಗಳು ಬದಲಾಗದಂತೆ ಒಂದು ಕಲಮು ಹಾಕಲಿ. ಯಾವ ವಾಲ್ವು ಬಿಗಿ, ಯಾವ ಪಂಪು ಮಳೆಗಾಲದಲ್ಲಿ ಮುನಿಸಿಕೊಳ್ಳುತ್ತದೆ ಎಂಬುದು ಪುಸ್ತಕದಲ್ಲಿ ಇರುವುದಿಲ್ಲ, ಕೈಗೆ ಗೊತ್ತಿರುತ್ತದೆ. ಆ ಕೈಯನ್ನು ವರ್ಷಕ್ಕೊಮ್ಮೆ ಮನೆಗೆ ಕಳಿಸಿದರೆ ಯಂತ್ರ ಪ್ರತಿವರ್ಷ ಹೊಸಬನಿಗೆ ಪಾಠ ಹೇಳುತ್ತ ಕೂರಬೇಕು.

ಇದೆಲ್ಲಕ್ಕಿಂತ ಮುಖ್ಯವಾದದ್ದು ಆಸ್ಪತ್ರೆಯ ಸ್ವಂತದ ಒಬ್ಬ ಎಂಜಿನಿಯರ್. ಗುತ್ತಿಗೆಯವನಲ್ಲ, ಆಸ್ಪತ್ರೆಯ ಸಂಬಳ ತಿನ್ನುವವನು. ದಿನಕ್ಕೊಮ್ಮೆ ಬಾಯ್ಲರ್ ಮನೆಗೂ ಚಿಲ್ಲರ್ ಕೋಣೆಗೂ ಕಾಲಿಟ್ಟು ಲಾಗ್ ಬುಕ್ಕಿಗೆ ರುಜು ಹಾಕುವವನು. ಗಂಟೆಗಂಟೆಗೆ ಬರೆಯಬೇಕಾದ ಒತ್ತಡ, ನೀರಿನ ಮಟ್ಟ, ಹೋಗುವ ಬರುವ ತಣ್ಣೀರಿನ ಶಾಖ ಇವನ್ನು ಪಾಳಿಯ ಕೊನೆಗೆ ಒಂದೇ ಉಸಿರಿನಲ್ಲಿ ಬರೆದಿದ್ದಾರೋ ಎಂದು ಕಣ್ಣಿನಲ್ಲೇ ಹೇಳಬಲ್ಲವನು. ಯಂತ್ರ ನಡೆಸುವ ಕೆಲಸವನ್ನು ಗುತ್ತಿಗೆಗೆ ಕೊಡಬಹುದು, ನಡೆಯಿತೋ ಇಲ್ಲವೋ ಎಂದು ನೋಡುವ ಕೆಲಸವನ್ನೂ ಅದೇ ಗುತ್ತಿಗೆದಾರನಿಗೆ ಕೊಟ್ಟರೆ ಬೆಕ್ಕಿಗೆ ಹಾಲು ಕಾಯಲು ಹೇಳಿದ ಹಾಗೆ.

ಇಂಥ ಕೆಲಸಕ್ಕೆ ಜನ ಎಲ್ಲಿದ್ದಾರೆ ಎಂದು ಬೆಂಗಳೂರಿನವರು ಕೇಳಿದರೆ ಆಶ್ಚರ್ಯವಿಲ್ಲ. ಈ ಕಡೆಯವರು ಕೇಳಬಾರದು. ದಾಂಡೇಲಿಯಲ್ಲಿ ಮೂರು ತಲೆಮಾರಿನಿಂದ ಹಬೆಯೊಡನೆ ಬಾಳಿದ ಮನೆಗಳಿವೆ. ಬಿದಿರು, ಕಟ್ಟಿಗೆ ಬೇಯಿಸಿ ಉಳಿದ ಕಪ್ಪು ದ್ರಾವಣವನ್ನೇ ಉರಿಸಿ ಹಬೆ ಮಾಡುವ ರಿಕವರಿ ಬಾಯ್ಲರಿನ ಮುಂದೆ ವರ್ಷಗಟ್ಟಲೆ ನಿಂತವರಿಗೆ ಆಸ್ಪತ್ರೆಯ ಬಾಯ್ಲರ್ ಮೊಮ್ಮಗುವಿದ್ದ ಹಾಗೆ. ನಿವೃತ್ತರಾಗಿ ಬಂಗೂರ ನಗರದ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತ ಹಿರಿಯರಿದ್ದಾರೆ. ಅಂಬಿಕಾನಗರದಲ್ಲಿ ವಿದ್ಯುದಾಗಾರದ ಕಂಟ್ರೋಲ್ ರೂಮಿನಲ್ಲಿ ಜೀವಮಾನವೆಲ್ಲ ಲಾಗ್ ಶೀಟು ಬರೆದವರಿದ್ದಾರೆ. ಅವರ ಕೈಯಲ್ಲಿ ಐಟಿಐ ಮುಗಿಸಿ ಖಾಲಿ ಕೂತ ಹುಡುಗರಿಗೆ ಆರು ತಿಂಗಳು ಕಲಿಸಿದರೆ, ಬಾಯ್ಲರ್ ಅಟೆಂಡೆಂಟ್ ಪರೀಕ್ಷೆಯ ಅರ್ಜಿ ತುಂಬಿಸಿದರೆ, ಜೋಯಿಡಾದ ಹುಡುಗ ಗೋವೆಯ ಹೋಟೆಲಿಗೆ ತಟ್ಟೆ ತೊಳೆಯಲು ಹೋಗುವುದು ತಪ್ಪೀತು. ಆದರೆ ಕಲಿತು ಬಂದ ಹುಡುಗನಿಗೆ ‘ಪಿಎಫ್ ಇಲ್ಲ, ರಜೆ ಇಲ್ಲ, ಸಂಬಳ ಮುಂದಿನ ತಿಂಗಳು’ ಎಂದರೆ ಅವನು ಗೋವೆಗೇ ಹೋಗುತ್ತಾನೆ, ಹೋಗಬೇಕಾದ್ದೂ ಹೌದು.

ಹೊಸ ಆಸ್ಪತ್ರೆಯ ಕಡತ ಹಿಡಿದ ಅಧಿಕಾರಿಗಳು ಟೆಂಡರಿನ ಆ ಎರಡು ಪುಟ ಬರೆಯುವ ಮುಂಚೆ ಒಂದು ಭಾನುವಾರ ದಾಂಡೇಲಿಗೆ ಬರಲಿ. ಅಲ್ಲಿಯ ಹಳೇ ಬಾಯ್ಲರ್‌ಮ್ಯಾನ್‌ಗಳಲ್ಲಿ ನಾಲ್ಕು ಜನರನ್ನು ಕೂರಿಸಿಕೊಂಡು, ಚಹಾ ತರಿಸಿ, ರಾತ್ರಿ ಎರಡು ಗಂಟೆಗೆ ಪಾಳಿಯವನು ಜ್ವರ ಬಂದು ಮಲಗಿದರೆ ಕಾರ್ಖಾನೆಯಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಲಿ. ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಂಡು ಹೋಗಲಿ.